ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ

ಕಲ್ಲಿನ ಮೆಟ್ಟಿಲ ಅಂಚಿಗೆ ಬೂಟಿನ ತಳ ಉಜ್ಜುವ ಸದ್ದು, ಅದರ ಮೇಲೆ ನನ್ನದೇ ದನಿ: "ಒನ್... ಟೂ... ಸ್ಲೋಲಿ, ಯವ್ವಾ, ಸ್ಲೋಲಿ... ತ್ರೀ." ಗೋಕಾಕ ಫಾಲ್ಸಿನ ನಮ್ಮ ಗಿರಣಿ ಚಾಳಿನಲ್ಲಿ ಆ ಎಂಟು ತಿಂಗಳು ಬೆಳಗಾಗುತ್ತಿದ್ದುದೇ ಹೀಗೆ. ಬಾಜೂ ಮನೆಯಾಕೆ ಕಿಟಕಿಯಿಂದ ಕೇಳುತ್ತಿದ್ದಳು, "ಏನ್ರಿ ಬಾಯಾರ, ಮುಂಜಾನೆದ್ದು ಇಂಗ್ಲಿಷ್ ಸಾಲಿ ಚಾಲೂ ಮಾಡೀರೇನ?"

ಮೆಟ್ಟಿಲ ಮೇಲೆ ನಿಂತವಳು ಮೊಮ್ಮಗಳು, ಮೂಡಲಗಿ ಕಡೆಯ ಮಸಗುಪ್ಪಿಗೆ ಕೊಟ್ಟ ಮಗಳ ಮಗಳು. ಹತ್ತು ಕಿಲೋಮೀಟರ್ ಓಡುವವಳು. ಕಾಲುವೆ ದಂಡೆಯ ಮೇಲೆ ಓಡಿ ಓಡಿ ಅವಳ ಬಲ ಹಿಮ್ಮಡಿಯ ಮೇಲಿನ ದಪ್ಪ ನರ, ಡಾಕ್ಟರರು ಟೆಂಡನ್ ಅನ್ನುವುದು, ಮೊದಲ ಸಲ ಬಾತಾಗ ನಾವೆಲ್ಲ ಎಣ್ಣೆ ತಿಕ್ಕಿ, ಇಟ್ಟಂಗಿ ಕಾಸಿ ಶಾಖ ಕೊಟ್ಟು, ಹಾಸಿಗೆಯಿಂದ ಏಳಗೊಡಲಿಲ್ಲ. ನೋವು ಹೋಯಿತು. ನನ್ನ ಮಗಳು ಹರಕೆ ಹೊತ್ತಿದ್ದಳು. ಹುಡುಗಿಯನ್ನು ಪಂಢರಪುರದ ವಿಠ್ಠಲನಲ್ಲಿಗೆ ನಡೆದುಹೋಗುವ ಭಕ್ತರ ದಿಂಡಿಯ ಜೊತೆ ಬರಿಗಾಲಲ್ಲಿ ನಡೆಸಿದಳು. ಮೂರನೆಯ ದಿನ ಅದೇ ನರ, ಅದೇ ಬಾವು; ಅರ್ಧದಾರಿಯಿಂದಲೇ ವಾಪಸು. ವಾಸಿಯಾದದ್ದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳಲು ಹೋಗಿ ಕಾಲನ್ನೇ ಕೆಡಿಸಿಕೊಂಡೆವು. ಬೇಡ ಅನ್ನದೆ ಸುಮ್ಮನಿದ್ದವಳು ನಾನೂ ಹೌದು.

"ಇನ್ನೊಮ್ಮೆ ಹಿಂಗಾತಂದ್ರ ಓಟ ಬಂದ್," ಎಂದುಬಿಟ್ಟ ಅಳಿಯ. ಹುಕ್ಕೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆಯ ಓಟಕ್ಕೆ ಎಂಟು ತಿಂಗಳಿತ್ತು. ಅವಳನ್ನು ನನ್ನಲ್ಲಿಗೆ ಕರೆತಂದೆ.

ಗೋಕಾಕದ ಫಿಜಿಯೋಥೆರಪಿ ಮೇಡಂ ಕಾಲು ಒತ್ತಿ ನೋಡಿ ಅಂದರು, "ನೋವ ಹೋತಂದ್ರ ನರ ಗಟ್ಟಿ ಆತಂತ ಅಲ್ರಿ. ಪೂರಾ ಮಲಗಸಬ್ಯಾಡ್ರಿ, ಒಮ್ಮೆಲೇ ಓಡಸಬ್ಯಾಡ್ರಿ. ಭಾರ ಸಾವಕಾಶ ಏರಸ್ಕೋತ ಹೋಗ್ರಿ. ಮರುದಿನ ಮುಂಜಾನೆ ಬಿಗಿತ ಹೆಚ್ಚಾದ್ರ ಓಟ ಕಡಿಮಿ ಮಾಡ್ರಿ."

ಮುಂಗಾಲನ್ನು ಮೆಟ್ಟಿಲ ಅಂಚಿಗಿಟ್ಟು ಮೇಲೇರಿ, ಹಿಮ್ಮಡಿಯನ್ನು ನಿಧಾನ ಇಳಿಸುವುದು. ಹದಿನೈದರಂತೆ ಮೂರು ಸಲ. ನಿಧಾನ ಅನ್ನುವುದೇ ಆ ಹುಡುಗಿಗೆ ಗೊತ್ತಿರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಪಿಯಾನೊ ಕಲಿಸುವಾಗ ನಮ್ಮ ಸಿಸ್ಟರ್ ಎಣಿಸುತ್ತಿದ್ದ ಹಾಗೆ ಎಣಿಸಿದೆ. ಅವಸರ ಮಾಡಿದರೆ ಮತ್ತೆ ಒನ್‌ನಿಂದ.

"ಆಯಿ, ನೀ ಪೊಲೀಸ್ ಆಗಬೇಕಿತ್ತ ನೋಡ!"

"ಆಗಿದ್ರ ನಿನಗ ಬೇಡಿ ಹಾಕತಿದ್ದೆ. ಫ್ರಮ್ ಒನ್!"

ತಿಂಗಳ ಮೇಲೆ ಅವಳ ಬೆನ್ನಿಗೆ ಜೋಳದ ಚೀಲ ಬಂತು. ಮೊದಲು ಐದು ಕಿಲೋ, ಆಮೇಲೆ ಎಂಟು, ಹತ್ತು. ಓಟ ಒಂದು ದಿನ ಬಿಟ್ಟು ಒಂದು ದಿನ. ನೋವು ಪೂರ್ತಿ ಹೋದ ಸುದ್ದಿ ಕೇಳಿ ಮಗಳು ಬಂದಳು: "ಈಗ ಆರಾಮ ಆತಲ್ಲ, ಉಳದ ಹರಕಿ ತೀರಿಸಿ ಬರೂಣ ನಡಿ." ಹೋದ ಸಲದಂತೆ ಸುಮ್ಮನಿರಬಾರದೆಂದು ನಾನು ಬಾಯಿ ತೆರೆಯುವುದರೊಳಗೆ ಹುಡುಗಿಯೇ ಅಂದಳು, "ಅವ್ವಾ, ವಿಠ್ಠಲ ಇಟ್ಟಂಗಿ ಮ್ಯಾಲ ನಿಂತು ಕಾಯಾಕತ್ತಾನ, ಇನ್ನೊಂದೀಟು ಕಾಯ್ತಾನ. ಅಪ್ಪ ಕಾಯೂದಿಲ್ಲ." ಮಗಳಿಗೆ ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ. ನನಗಾದ ಪ್ರೈಡ್ ಹೇಳತೀರದು.

ಹುಕ್ಕೇರಿಯಲ್ಲಿ ಎರಡನೆಯವಳಾಗಿ ಬಂದಳು, ಆಯ್ಕೆಯಾದಳು. ಅಳಿಯ ಮಣಕಾಲೂರಿ ಕೂತು ಅವಳ ಬೂಟಿನ ಲೇಸ್ ಬಿಚ್ಚಿ, ಆ ನರವನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿದ.

ಅವಳನ್ನು ಬೀಳ್ಕೊಟ್ಟದ್ದು ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ, ತರಬೇತಿ ಶಿಬಿರಕ್ಕೆ ಹೊರಟಾಗ. ಬೆನ್ನಿಗೆ ಬ್ಯಾಗ್ ಹೊತ್ತು ಕಟ್ಟೆಯ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಸುತ್ತಿದ್ದಳು. ಎಣಿಸುತ್ತಿದ್ದವಳೂ ಅವಳೇ. ಇಲೆವೆನ್ ಅನ್ನುವಾಗ ಬಸ್ ಬಂತು, ಕಂಡಕ್ಟರ್ ಸೀಟಿ ಹೊಡೆದ, ಟ್ವೆಲ್ವ್‌ಗೆ ಹಿಮ್ಮಡಿ ಅವಸರದಲ್ಲಿ ಇಳಿಯಿತು. ಅವಳು ನನ್ನತ್ತ ನೋಡಿ ನಾಲಿಗೆ ಕಚ್ಚಿ, ಕಂಡಕ್ಟರನಿಗೆ ಕೈಯೆತ್ತಿ ನಿಲ್ಲಲು ಹೇಳಿ, ಮತ್ತೆ ಒನ್‌ನಿಂದ ಶುರುಮಾಡಿದಳು.