ಕೃಷ್ಣಯ್ಯನವರ ಕಾರಿನ ಮೂರನೇ ಪೆಡಲು

ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಆ ಕಾಲಕ್ಕೆ ಕಾರು ಇದ್ದದ್ದು ಎರಡೇ ಮನೆಗೆ. ಒಬ್ಬರು ಕಂಟ್ರಾಕ್ಟರು, ಅವರಿಗೆ ಇರದಿದ್ದರೆ ಆಶ್ಚರ್ಯ. ಇನ್ನೊಬ್ಬರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದ ಕೃಷ್ಣಯ್ಯನವರು. ಟೈಪಿಸ್ಟರಿಗೆ ಎಲ್ಲಿಂದ ಬಂತು ಕಾರು ಎಂದು ಹೊಸದಾಗಿ ಬಾಡಿಗೆಗೆ ಬಂದವರೆಲ್ಲ ಮೊದಲ ವಾರದಲ್ಲೇ ವಿಚಾರಿಸಿಕೊಳ್ಳುತ್ತಿದ್ದರು.

ಕೃಷ್ಣಯ್ಯನವರಿಗೆ ಮೂರು ವರ್ಷವಿದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. "ಬಲಗಾಲಿಗೆ ಬಲ, ಎಡಗಾಲು ಎಡವಟ್ಟು" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ಬೇರೆಯವರು ಹೇಳುವ ಮೊದಲೇ ಹೇಳಿ ಮುಗಿಸಿಬಿಡುವ ಜಾಣತನ ಅದು. ಬಿ.ಟಿ.ಎಸ್. ಬಸ್ಸು ಹತ್ತುವಾಗ ಕಂಡಕ್ಟರು ಕಂಕುಳಿಗೆ ಕೈಹಾಕಿ ಎತ್ತಿಕೊಳ್ಳಬೇಕಿತ್ತು. ಒಂದು ದಿನ ಒಬ್ಬ ಕಂಡಕ್ಟರು ಅವರನ್ನು ಎತ್ತಿಕೊಂಡು, "ಲಗೇಜು ಹತ್ತಿತು, ರೈಟ್ ರೈಟ್" ಎಂದ. ಇಡೀ ಬಸ್ಸು ನಕ್ಕಿತು. ಕೃಷ್ಣಯ್ಯನವರೂ ನಕ್ಕರು, ಆದರೆ ಆ ಬಸ್ಸಿನ ನಂಬರನ್ನು ಮಾತ್ರ ಜನ್ಮದಲ್ಲಿ ಮರೆಯಲಿಲ್ಲ.

ಎಪ್ಪತ್ತೆರಡನೇ ಇಸವಿಯಲ್ಲಿ ಕಾರ್ಖಾನೆಯ ಇಂಗ್ಲಿಷ್ ಎಂಜಿನಿಯರು ತನ್ನ ದೇಶಕ್ಕೆ ಹಿಂದಿರುಗುವಾಗ ಹಳೆಯ ಆಸ್ಟಿನ್ ಕಾರನ್ನು ಕೃಷ್ಣಯ್ಯನವರಿಗೆ ಸ್ಕೂಟರಿನ ಬೆಲೆಗೆ ಬಿಟ್ಟುಹೋದ. ಅದು ಆಟೋಮ್ಯಾಟಿಕ್ ಕಾರು. ಎಡಗಾಲಿನಿಂದ ಒತ್ತುವ ಕ್ಲಚ್ಚಿಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಕಾಲ ಕೆಳಗೆ ಎರಡೇ ಪೆಡಲು. ಒಂದು ಹೋಗುವುದಕ್ಕೆ, ಒಂದು ನಿಲ್ಲುವುದಕ್ಕೆ. ಎರಡಕ್ಕೂ ಬಲಗಾಲು ಸಾಕು. ಊರಿನಲ್ಲಿರುವ ಸಾವಿರಾರು ಕಾರುಗಳಲ್ಲಿ ಕೃಷ್ಣಯ್ಯನವರು ಓಡಿಸಬಹುದಾದದ್ದು ಬಹುಶಃ ಅದೊಂದೇ, ಮತ್ತು ಅದು ಅವರ ಮನೆಯ ಮುಂದೆಯೇ ನಿಂತಿತ್ತು.

ಹದಿನಾಲ್ಕು ವರ್ಷ ಓಡಿಸಿದರು. ಕೆಲಸಕ್ಕೆ ಹೋದರು, ಭಾನುವಾರ ಹೆಂಡತಿ ಪುಟ್ಟಲಕ್ಷ್ಮಿಯವರನ್ನು ಕೂರಿಸಿಕೊಂಡು ಕೆಂಗೇರಿ ದಾಟಿ ಹೋಗಿ ಎಳನೀರು ಕುಡಿದು ಬಂದರು. ನಮ್ಮ ರಸ್ತೆಯ ಏಳು ಹೆರಿಗೆಗಳು ಆ ಕಾರಿನಲ್ಲಿ ಆಸ್ಪತ್ರೆಗೆ ಹೋದವು. ಎಂಟನೆಯದು ಆಸ್ಪತ್ರೆಯ ತನಕ ಕಾಯಲಿಲ್ಲ. ಯಾರಿಂದಲೋ ಎತ್ತಿಸಿಕೊಳ್ಳುತ್ತಿದ್ದ ಮನುಷ್ಯ ಎಲ್ಲರನ್ನೂ ಹೊತ್ತೊಯ್ಯುವವರಾದರು. ಸ್ಟೀರಿಂಗಿನ ಹಿಂದೆ ಕೂತಾಗ ಅವರಿಗೆ ಎರಡು ಕಾಲೂ ಇದ್ದಂತೆ ಕಾಣುತ್ತಿತ್ತು.

ಆ ಗೇರ್‌ಬಾಕ್ಸಿನ ಮರ್ಜಿ ಬಲ್ಲ ಮೆಕ್ಯಾನಿಕ್ ದಂಡುಪ್ರದೇಶದ ಕಡೆ ಒಬ್ಬನೇ ಒಬ್ಬನಿದ್ದ. ಎಂಬತ್ತಾರರಲ್ಲಿ ಅವನು ಮಗಳ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟುಹೋದ. ಕಾರು ಕುರುಬರಹಳ್ಳಿಯ ಉಗ್ರಪ್ಪನ ಶೆಡ್ಡಿಗೆ ಬಂತು.

ಉಗ್ರಪ್ಪ ಹೆಸರಿಗಷ್ಟೇ ಉಗ್ರ. ಗಿರಾಕಿ ಬೈದರೆ ತಾನೇ ಕ್ಷಮೆ ಕೇಳಿ ಕಾಫಿ ತರಿಸುವವನು. ಅವನದೊಂದು ಪದ್ಧತಿಯಿತ್ತು. ಆಯುಧಪೂಜೆಗೆ ಮುಂಚೆ ತನ್ನ ಶೆಡ್ಡಿಗೆ ಬಂದ ಗಾಡಿಗಳಿಗೆಲ್ಲ, ಯಾರೂ ಹೇಳದಿದ್ದರೂ, ಹಳೇ ಆಯಿಲ್ ಇಳಿಸಿ ಹೊಸದು ತುಂಬುತ್ತಿದ್ದ. ಎಣ್ಣೆಸ್ನಾನ ಎಂದು ಕರೆಯುತ್ತಿದ್ದ. ಹಬ್ಬದ ದಿನ ಮೈಲಿಗೆಯಲ್ಲಿ ಪೂಜೆಗೆ ಕೂರಬಾರದು, ಮನುಷ್ಯನಾದರೂ ಅಷ್ಟೇ, ಗಾಡಿಯಾದರೂ ಅಷ್ಟೇ.

ಆಸ್ಟಿನ್ನಿನ ಗೇರ್‌ಬಾಕ್ಸ್ ತಿರುಪು ಬಿಚ್ಚಿದರೆ ಒಳಗಿನಿಂದ ಕೆಂಪಗೆ, ನೀರಿನಷ್ಟು ತೆಳ್ಳಗೆ ಏನೋ ಇಳಿಯಿತು. ಉಗ್ರಪ್ಪನ ಇಪ್ಪತ್ತು ವರ್ಷದ ಅನುಭವದಲ್ಲಿ ಗೇರ್‌ಬಾಕ್ಸ್ ಎಂದರೆ ತೊಂಬತ್ತನೇ ನಂಬರಿನ ಆಯಿಲ್, ಜೋನಿಬೆಲ್ಲದ ಹಾಗೆ ಮಂದ. ಅವನು ಎಲ್ಲವನ್ನೂ ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ತೊಂಬತ್ತು ತುಂಬಿದ. ಹಬ್ಬದ ಹಿಂದಿನ ಸಂಜೆ ಕಾರು ತಂದು ನಿಲ್ಲಿಸಿ ಹೇಳಿದ:

"ಯಾವನೋ ಪುಣ್ಯಾತ್ಮ ಗೇರ್‌ಬಾಕ್ಸ್‌ಗೆ ಶರಬತ್ತು ಹಾಕವ್ನೆ ಸಾರ್. ಎಲ್ಲ ತೆಗ್ದು ಒಳ್ಳೆ ಮಾಲು ಹಾಕಿದೀನಿ. ಸ್ವಲ್ಪ ಎಳೀತದೆ, ನಾಳೆಗೆ ಸರಿಹೋಗ್ತದೆ."

ಕೃಷ್ಣಯ್ಯನವರು ಹೂಂ ಎಂದರು. ಗೇರು ಎಂದರೆ ಅವರಿಗೆ ಗೊತ್ತಿದ್ದದ್ದು ಮಂಗಳೂರಿನ ಗೇರುಬೀಜವಷ್ಟೇ.

ಮರುದಿನ ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟರು. ಕೃಷ್ಣಯ್ಯನವರು ಕೂತು ಆಕ್ಸಿಲರೇಟರು ಒತ್ತಿದರು. ಎಂಜಿನ್ನು ಕೂಗಿತು, ಕಾರು ಅಲುಗಲಿಲ್ಲ. ಇನ್ನೂ ಒತ್ತಿದರು. ಕೆಳಗಿನಿಂದ ಉಪ್ಪಿಟ್ಟು ಸೀದ ವಾಸನೆ ಬಂತು. ಕೊನೆಗೆ ನಾವು ಏಳು ಜನ ಹಿಂದಿನಿಂದ ತಳ್ಳಿ ನಿಂಬೆಹಣ್ಣು ಒಡೆಸಿದೆವು. ಶಾಸ್ತ್ರಕ್ಕೆ ಕುಂದಾಗಲಿಲ್ಲ.

ಉಗ್ರಪ್ಪ ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ. ಒಳಗಿನ ಪ್ಲೇಟುಗಳೆಲ್ಲ ಕರಕಲು. ಬಿಡಿಭಾಗ ಬೊಂಬಾಯಿಯಲ್ಲಿ ಇರಲಿಲ್ಲ, ಮದರಾಸಿನಲ್ಲಿ ಇರಲಿಲ್ಲ. ಅದೇ ವಾರ ಕೃಷ್ಣಯ್ಯನವರು ಡ್ಯಾಶಿನ ಖಾನೆಯಲ್ಲಿದ್ದ ಕಾರಿನ ಇಂಗ್ಲಿಷ್ ಪುಸ್ತಕವನ್ನು ಮೊದಲ ಸಲ ಪೂರ್ತಿ ಓದಿದರು. ಗೇರ್‌ಬಾಕ್ಸಿಗೆ ಕೆಂಪು ಎಣ್ಣೆಯಲ್ಲದೆ ಬೇರೆ ಹಾಕಕೂಡದು ಎಂಬ ಸಾಲು ದಪ್ಪಕ್ಷರದಲ್ಲೇ ಇತ್ತು. ಪುಸ್ತಕ ಮುಚ್ಚಿ ಅಲ್ಲೇ ಇಟ್ಟರು.

"ಅವನಿಗೆ ಹೇಳಲ್ವೇನ್ರೀ?" ಎಂದರು ಪುಟ್ಟಲಕ್ಷ್ಮಿ.

"ಹೇಳಿದ್ರೆ ಅವನೂ ಕುಂಟಿದ ಹಾಗಾಗುತ್ತೆ ಕಣೇ. ಮನೆಗೊಬ್ಬ ಸಾಕು."

ಉಗ್ರಪ್ಪನಿಗೆ ಒಂದು ಉಪಾಯ ಹೊಳೆದಿತ್ತು. "ಅಂಬಾಸಿಡರ್ ಗೇರ್‌ಬಾಕ್ಸ್ ಕೂರಿಸ್ತೀನಿ ಸಾರ್. ಎರಡೂ ದಾಯಾದಿಗಳು, ಅಳತೆ ಒಂದೇ."

"ಕ್ಲಚ್ಚು?"

"ಪೆಡಲ್ ಹಾಕ್ತೀನಿ."

ಕೃಷ್ಣಯ್ಯನವರು ತಮ್ಮ ಎಡಗಾಲನ್ನು ನೋಡಿಕೊಂಡರು. ಉಗ್ರಪ್ಪನೂ ನೋಡಿದ.

"ಕೈಗೂ ಕೊಡ್ತೀನಿ ಸಾರ್. ಸ್ಕೂಟರ್‌ನಾಗೆ ಇಲ್ವಾ? ಸ್ಟೀರಿಂಗ್ ಪಕ್ಕ ಒಂದು ಲಿವರು, ಎಳೆದ್ರೆ ಪೆಡಲ್ ತಾನೇ ಕೆಳಗ್ ಹೋಗ್ತದೆ. ನನ್ ಮಾತು ನಂಬಿ."

ಕೃಷ್ಣಯ್ಯನವರು ನಂಬಿದರು. ನಂಬದೆ ಇನ್ನೇನು ಮಾಡಬೇಕಿತ್ತು? ಆಟೋಮ್ಯಾಟಿಕ್ ಹೋಗಿ ದಿನವೂ ಆಟೋ ಗತಿಯಾಗಿತ್ತು. ಐದು ತಿಂಗಳು ಪ್ರತಿ ಶನಿವಾರ ಆಟೋದಲ್ಲಿ ಶೆಡ್ಡಿಗೆ ಹೋಗಿ ಡಬ್ಬದ ಮೇಲೆ ಕೂತು ನೋಡುತ್ತಿದ್ದರು. ಉಗ್ರಪ್ಪ ಲೇತಿನಲ್ಲಿ ಶಾಫ್ಟು ಕತ್ತರಿಸಿ ಜೋಡಿಸಿದ, ಫ್ಲೈವೀಲು ಹುಡುಕಿ ತಂದ, ಕಾಲಡಿಯ ತಗಡು ಕೊಯ್ದು ಮೂರನೇ ಪೆಡಲಿಗೆ ಜಾಗ ಮಾಡಿದ. ಕೊನೆಗೆ ಸ್ಟೀರಿಂಗಿನ ಬಲಕ್ಕೆ ಮೊಳದುದ್ದದ ಕಬ್ಬಿಣದ ಲಿವರು, ಅದಕ್ಕೆ ದಪ್ಪ ತಂತಿ.

ಪರೀಕ್ಷೆಗೆ ಊರಾಚೆಯ ಉಲ್ಲಾಳದ ರಸ್ತೆ ಗೊತ್ತಾಯಿತು; ಬೆಳಗಿನ ಬಸ್ಸು ಹೋದ ಮೇಲೆ ಅಲ್ಲಿ ಮಧ್ಯಾಹ್ನದ ತನಕ ಗಾಡಿ ಇಲ್ಲ. ಉಗ್ರಪ್ಪ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಪುಟ್ಟಲಕ್ಷ್ಮಿ ಮತ್ತು ನಾನು. ಬಲಗೈಯಿಂದ ಲಿವರು ಎಳೆಯಬೇಕು, ಎಡಗೈಯಿಂದ ಗೇರು ಹಾಕಬೇಕು.

"ಸ್ಟೀರಿಂಗ್ ಯಾರು ಹಿಡ್ಕೊಳ್ಳೋದು?" ಎಂದರು ಪುಟ್ಟಲಕ್ಷ್ಮಿ.

ಇಷ್ಟು ತಿಂಗಳಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ.

"ಒಂದು ಕ್ಷಣ ತಾನೇ ಅಮ್ಮಾ, ಅದು ನೇರಕ್ಕೇ ಹೋಗ್ತದೆ," ಎಂದ ಉಗ್ರಪ್ಪ.

ಕೃಷ್ಣಯ್ಯನವರು ಲಿವರು ಎಳೆದರು. ಕಾಲಿನ ಕೆಲಸವನ್ನು ಮಣಿಕಟ್ಟು ಮಾಡಬೇಕಿತ್ತು. ಎರಡು ಸಲ ಎಂಜಿನ್ನು ನಿಂತಿತು. ಮೂರನೇ ಸಲ ಕಾರು ಕಪ್ಪೆಯಂತೆ ನೆಗೆದು ಹೊರಟಿತು. ನೂರು ಗಜ ಚೆನ್ನಾಗಿಯೇ ಹೋಯಿತು. ಅವರ ಮುಖ ಹಳೆಯ ಮುಖವಾಯಿತು. ಆಮೇಲೆ ಏರು ಬಂತು.

ಏರಿನ ಅರ್ಧದಲ್ಲಿ ಗೇರು ಇಳಿಸಲು ಲಿವರು ಎಳೆದರು. ಕೈ ಜಾರಿತು. ಎಂಜಿನ್ನು ನಿಂತಿತು. ಗಾಬರಿಯಲ್ಲಿ ಬ್ರೇಕು ಒತ್ತುವುದು ಬಿಟ್ಟು ಮತ್ತೆ ಲಿವರು ಎಳೆದರು, ಕಾರು ಹಿಂದಕ್ಕೆ ಉರುಳಿತು. ಹಿಂದೆ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಬರುತ್ತಿದ್ದಳು. ಅವಳು ಹೊರೆ ಬಿಸಾಕಿ ಬೇಲಿಗೆ ಹಾರಿದಳು. ಕಾರು ಹುಲ್ಲಿನ ಹೊರೆ ಹತ್ತಿ, ಬೇಲಿಗೆ ಒರಗಿ ನಿಂತಿತು.

"ಕಣ್ ಕಾಣಲ್ವೇನಯ್ಯಾ, ಮುಂದಕ್ ಹೋಗೋ ಕಾರ್‌ನ ಹಿಂದಕ್ ಓಡಿಸ್ತೀಯಲ್ಲ," ಎಂದಳು ಅವಳು, ಮೊಣಕೈಯ ಮುಳ್ಳು ಕಿತ್ತುಕೊಳ್ಳುತ್ತಾ.

ಕೃಷ್ಣಯ್ಯನವರು ಸ್ವಿಚ್ಚು ಆರಿಸಿ, ಬೀಗದಕೈಯನ್ನು ಉಗ್ರಪ್ಪನ ತೊಡೆಯ ಮೇಲಿಟ್ಟರು. "ಸಾಕಪ್ಪ."

"ಸ್ಪ್ರಿಂಗ್ ಸ್ವಲ್ಪ ಮೆತ್ತಗೆ ಮಾಡ್ತೀನಿ ಸಾರ್."

"ಸಾಕು ಉಗ್ರಪ್ಪ."

ವಾಪಸು ಉಗ್ರಪ್ಪ ಓಡಿಸಿದ. ಕಾರು ಎಷ್ಟು ಹಗುರಾಗಿ ಓಡಿತೆಂದರೆ, ಹದಿನಾಲ್ಕು ವರ್ಷದಲ್ಲಿ ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ಅವನ ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ. ರಸ್ತೆಯಲ್ಲಿ ಯಾರು ಬೇಕಾದರೂ ಓಡಿಸಬಹುದಾದ ಕಾರು ಅದಾಗಿತ್ತು, ಒಬ್ಬರನ್ನು ಬಿಟ್ಟು.

ಕೆಲವು ಭಾನುವಾರ ಉಗ್ರಪ್ಪ ಬಂದು ಗಂಡಹೆಂಡಿರನ್ನು ಸುತ್ತಾಡಿಸಿಕೊಂಡು ಬಂದ. ಕೃಷ್ಣಯ್ಯನವರು ಎಡಗಡೆಯ ಸೀಟಿನಲ್ಲಿ ಕೂತು, ತಿರುವು ಬಂದಾಗಲೆಲ್ಲ ಬಲಗಾಲಿನಿಂದ ಬರಿಯ ನೆಲವನ್ನು ಒತ್ತುತ್ತಿದ್ದರಂತೆ. ಒಂದು ದಿನ ಇನ್ನು ಬರಬೇಡ ಎಂದುಬಿಟ್ಟರು.

"ನನ್ ಡ್ರೈವಿಂಗ್ ಸರಿಯಿಲ್ವಾ ಸಾರ್?"

"ಚೆನ್ನಾಗಿದೆಯಪ್ಪ. ಅದೇ ಕಷ್ಟ."

ಮಳೆಗಾಲಕ್ಕೆ ಮುಂಚೆ ಕಾರು ಮಾರಾಟಕ್ಕೆ ಬಂತು. ಕೆಂಗೇರಿಯಿಂದ ಮರಿಯಪ್ಪ ಎನ್ನುವ ರೇಷ್ಮೆಗೂಡಿನ ವ್ಯಾಪಾರಿ ನೋಡಲು ಬಂದ. ಬಾನೆಟ್ ಎತ್ತಿದ, ಟೈರು ಒದ್ದ, ಪುಟ್ಟಲಕ್ಷ್ಮಿಯವರು ಕೊಟ್ಟ ಕಾಫಿ ಕುಡಿದ.

"ಸಾರ್, ನೀವೇ ಒಂದು ರೌಂಡ್ ಓಡಿಸಿ. ನಾನು ಪಕ್ಕದಲ್ಲಿ ಕೂತ್ಕೋತೀನಿ. ಓನರ್ ಕೈಯಲ್ಲಿ ನೋಡಿದ್ರೇನೇ ಗಾಡಿ ಗುಣ ಗೊತ್ತಾಗೋದು."

ಕೃಷ್ಣಯ್ಯನವರು ಗೇಟು ಹಿಡಿದು ನಿಂತಿದ್ದರು. "ನನಗೆ ಕಾರು ಓಡಿಸೋಕೆ ಬರಲ್ಲ," ಎಂದರು.

ಮರಿಯಪ್ಪ ನಕ್ಕ. "ಬರದೇ ಇರೋರು ಯಾಕ್ ಇಟ್ಕೊಂಡಿದ್ರಿ ಸಾರ್?"

"ಹೀಗೇ," ಎಂದು ಬೀಗದಕೈ ಕೊಟ್ಟರು.

ಅವನು ಹತ್ತಿ ಕೂತು, ಎಡಗಾಲಿನಿಂದ ಪೆಡಲು ಒತ್ತಿ ಹೊರಟ. ರಸ್ತೆಯ ಮೂಲೆ ಸೇರುವಷ್ಟರಲ್ಲಿ ಎರಡು ಸಲ ಗೇರು ಬದಲಾಯಿಸಿದ. ಪುಟ್ಟಲಕ್ಷ್ಮಿಯವರು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು. ಕೃಷ್ಣಯ್ಯನವರು ಅವನು ತಿರುಗಿ ಬರುವ ತನಕ ಅಲ್ಲೇ ನಿಂತಿದ್ದರು.