ಅಪ್ಪನ ಜೀನ್ಸ್ ಶರ್ಟು, ಜೀನ್ಸ್ ಪ್ಯಾಂಟು

ಅಪ್ಪ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕ್ರೇನ್ ನಡೆಸುತ್ತಿದ್ದ. ಡ್ಯೂಟಿ ಮುಗಿಸಿ, ಮೈಗಂಟಿದ ಧೂಳು ತೊಳೆದುಕೊಂಡನೆಂದರೆ ಜೀನ್ಸ್ ಪ್ಯಾಂಟಿನ ಮೇಲೆ ಜೀನ್ಸ್ ಶರ್ಟು ಹಾಕಿ ಪೇಟೆಗೆ ಹೊರಡುವುದು ಅವನ ಶೋಕಿ. ಹೋದ ವರ್ಷ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತವು. ಅವ್ವ ಇರಲಿಲ್ಲವಾದ್ದರಿಂದ ಅವನನ್ನು ಶಹಾಬಾದಿಗೆ, ನನ್ನ ಮನೆಗೆ ಕರೆತಂದೆ. ಅಂದಿನಿಂದ ಅವನ ಮೈಮೇಲೆ ಬರೀ ಲುಂಗಿ, ಬನಿಯನ್ನು.

ಸೇಡಂನಲ್ಲಿ ಅವನ ಹಳೆಯ ದೋಸ್ತನ ಮಗಳ ಮದುವೆ ಬಂತು. ಅಪ್ಪ ಹಟ ಹಿಡಿದ.

"ಮ್ಯಾಲೂ ಜೀನ್ಸ್, ಕೆಳಗೂ ಜೀನ್ಸ್. ಮೊದಲಿನ್ಹಂಗ ಹೋಗ್ತೀನಿ."

ಇಬ್ಬರೂ ಕೂತು ಮೊಬೈಲಿನಲ್ಲಿ ವಿಡಿಯೊ ನೋಡಿದೆವು. ಎರಡೂ ಒಂದೇ ಬಣ್ಣವಾದರೆ ಯೂನಿಫಾರ್ಮಿನಂತೆ ಕಾಣುತ್ತದಂತೆ. ಮೇಲೆ ತಿಳಿನೀಲಿ, ಕೆಳಗೆ ಕಡುನೀಲಿ, ಒಳಗೆ ಬಿಳಿ ಟೀಶರ್ಟು, ಸೊಂಟಕ್ಕೆ ಕಂದು ಬೆಲ್ಟು. ಎಲ್ಲವೂ ಅಪ್ಪನ ಬಳಿ ಇದ್ದವು. ಮಡಚಲು ಬಾರದ ಕೈಯನ್ನು ಆ ದಪ್ಪ ತೋಳಿನೊಳಗೆ ತೂರಿಸುವುದು ಹೇಗೆಂದು ಮಾತ್ರ ವಿಡಿಯೊದವನು ಹೇಳಲಿಲ್ಲ.

"ನೋಯ್ತದೇನಪ್ಪಾ?"

"ಇಲ್ಲವ್ವಾ, ಎಳಿ" ಎಂದ. ಕಣ್ಣಲ್ಲಿ ನೀರು ತುಂಬಿತ್ತು.

ಕಲ್ಯಾಣ ಮಂಟಪದ ಬಾಗಿಲಲ್ಲೇ ದೋಸ್ತ ಅವನನ್ನು ತಬ್ಬಿಕೊಂಡು, "ಲೇ, ಮದುಮಗ ನೀ ಏನೋ?" ಎಂದ. ಅಪ್ಪ ಅರ್ಧ ಬಾಯಲ್ಲೇ ನಕ್ಕ. ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಭಾಳ ದಿನದಿಂದ ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪ ಕೋಲು ಊರಿ ಎದ್ದ. ಗಂಡಸರ ಪಾಯಖಾನೆಯ ಬಾಗಿಲವರೆಗೆ ಹಿಡಿದುಕೊಂಡು ಹೋದೆ. ಅಲ್ಲಿಂದ ಮುಂದೆ ನಾನು ಹೋಗುವಂತಿರಲಿಲ್ಲ. ಮನೆಯಲ್ಲಿ ಲುಂಗಿಯಾದ್ದರಿಂದ ಅವನಿಗೆ ಯಾರ ಸಹಾಯವೂ ಬೇಕಾಗುತ್ತಿರಲಿಲ್ಲ. ಆ ಬೆಲ್ಟು, ಬಿಗಿಯಾದ ಕಬ್ಬಿಣದ ಗುಂಡಿ, ಇವನ್ನು ಒಂದೇ ಎಡಗೈಯಿಂದ ಬಿಚ್ಚಬೇಕಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

"ಅಪ್ಪಾ, ಆತೇನು?"

ಬೆಲ್ಟಿನ ಬಕಲು ಕಿಣಿಕಿಣಿ ಎನ್ನುವುದಷ್ಟೇ ಕೇಳುತ್ತಿತ್ತು. ಒಳಗೆ ಹೊರಟ ಒಬ್ಬರನ್ನು ತಡೆದು, "ಅಣ್ಣಾ, ನಮ್ಮಪ್ಪಗ ಕೈ ಬರಂಗಿಲ್ರಿ, ಸ್ವಲ್ಪ ನೋಡ್ರಿ" ಎಂದೆ.

ಒಳಗಿನಿಂದ ಅಪ್ಪ ಕೂಗಿದ: "ಯಾರೂ ಬರಬ್ಯಾಡ್ರಿ! ನಾನೇ ಬಿಚ್ಚಾಕತ್ತೀನಿ!"

ಅವರು ಹೊರಬಂದು, ನನ್ನ ಮುಖ ನೋಡದೆ, "ಚಿಲಕ ಹಾಕ್ಕೊಂಡಾರ್ರಿ ಅಕ್ಕಾ" ಎಂದು ಹೋದರು. ಹೋಗುವವರು, ಬರುವವರು ನನ್ನನ್ನೇ ನೋಡುತ್ತಿದ್ದರು. ನಾನು ಗೋಡೆಗೆ ಆತು ನಿಂತೆ. ಬಕಲಿನ ಸದ್ದು ನಿಂತಿತು.

ಅಪ್ಪ ಹೊರಬಂದಾಗ ಬೆಲ್ಟು ಹಾಗೇ ಇತ್ತು. ಪ್ಯಾಂಟು ಮೊಣಕಾಲಿನ ತನಕ ತೋಯ್ದಿತ್ತು.

ಮೂಲೆಗೆ ಕರೆದೊಯ್ದು ಅವನ ಶರ್ಟು ಬಿಚ್ಚಿದೆ. ಅದನ್ನು ಸೊಂಟದ ಮುಂದೆ ಇಳಿಬಿಟ್ಟು, ತೋಳುಗಳನ್ನು ಹಿಂದೆ ಗಂಟು ಹಾಕಿದೆ. ಅಷ್ಟರಲ್ಲಿ ದೋಸ್ತ ಬಂದ.

"ಊಟಾ ಮಾಡ್ದೆ ಎಲ್ಲಿಗ್ಹೊಂಟೀ?"

"ಮಗಳ ತಲಿ ನೋಯಾಕತ್ತದೋ" ಎಂದ ಅಪ್ಪ. ನಾನು ಹಣೆ ಒತ್ತಿಕೊಂಡೆ.

ಚಿತ್ತಾಪುರದಲ್ಲಿ ನನಗೆ ಗೊತ್ತಿರುವ ಟೇಲರಿದ್ದಾನೆ. ಪ್ಯಾಂಟಿನ ಗುಂಡಿ ತೆಗೆಸಿ ಇಲಾಸ್ಟಿಕ್ ಹಾಕಿಸುತ್ತೇನೆಂದು ಮರುದಿನ ಹೇಳಿದೆ. "ಬ್ಯಾಡವ್ವಾ" ಎಂದು ಅಪ್ಪ ಗೋಡೆಯತ್ತ ಹೊರಳಿದ.

ಮೊನ್ನೆ ಚಿಂಚೋಳಿಯಿಂದ ಸಂಬಂಧಿಕರು ಮಗುವಿನ ಮುಡಿ ತೆಗೆಸುವ ಜವಳಕ್ಕೆ ಕರೆಯಲು ಬಂದಿದ್ದರು. ಅವರು ಹೋದ ಮೇಲೆ ಅಪ್ಪ, "ನೀ ಹೋಗಿ ಬಾ. ನಾ ಮನ್ಯಾಗ ಇರ್ತೀನಿ" ಎಂದ. ಬಾ ಎಂದು ಒತ್ತಾಯಿಸುವ ಧೈರ್ಯ ನನಗಾಗಲಿಲ್ಲ. ಆಗಲಿ ಎನ್ನಲೂ ಬಾಯಿ ಬರಲಿಲ್ಲ.