ಮಳೆಗಾಲದ ಪಾಲು

ಮೀಟರ್ ಪೆಟ್ಟಿಗೆಯ ಮುಚ್ಚಳ ತೆರೆದರೆ ಒಳಗೆ ಮೀಟರೇ ಕಾಣಲಿಲ್ಲ. ಸಾವಿರಾರು ಜೇನುಹುಳುಗಳು ಒಂದರ ಮೇಲೊಂದು ಕೂತು ಅದನ್ನು ಪೂರ್ತಿ ಮುಚ್ಚಿಬಿಟ್ಟಿದ್ದವು. ನಾನು ಬೆಳ್ತಂಗಡಿ ತಾಲೂಕಿನ ಮುಂಡಾಜೆಗೆ ಲೈನ್‌ಮ್ಯಾನ್ ಆಗಿ ಬಂದು ಆಗ ನಾಲ್ಕನೆಯ ದಿನ. ಎಂಥ ಎತ್ತರದ ಕಂಬಕ್ಕೂ ಹೆದರದವನು ಅಂಗಳ ದಾಟಿ ತುಳಸಿಕಟ್ಟೆಯ ಹಿಂದೆ ಹೋಗಿ ನಿಂತೆ. ಮನೆಯ ಯಜಮಾನರಾದ ಶೀನಪ್ಪ ಗೌಡರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ನಿಧಾನಕ್ಕೆ ಉಗಿದು ಬಂದರು.

"ಹೆದರ್ಬೇಡಿ ಮಾರಾಯ್ರೆ. ಅದು ತುಡುವೆ, ಪಾಪದ್ದು. ನಿಧಾನ ಕೈ ಆಡಿಸಿದ್ರೆ ಏನೂ ಮಾಡುದಿಲ್ಲ" ಎಂದರು.

ನಮ್ಮ ಹುನಗುಂದದ ಕಡೆ ಜೇನು ಕಂಡರೆ ಹೊಗೆ ಹಾಕುತ್ತೇವೆ, ಹುಳು ಓಡಿಸುತ್ತೇವೆ, ಹುಟ್ಟನ್ನು ಕೊಯ್ದು ಹಿಂಡುತ್ತೇವೆ. ಅಲ್ಲಿಗೆ ಕಥೆ ಮುಗಿಯಿತು. ಗೌಡರು ಹಾಗೆ ಮಾಡಲಿಲ್ಲ. ಎರಿಗಳನ್ನು, ಅಂದರೆ ಹುಟ್ಟಿನ ಮೇಣದ ತಟ್ಟೆಗಳನ್ನು, ಒಂದೊಂದಾಗಿ ಬಿಡಿಸಿ, ಮರದ ಚೌಕಟ್ಟುಗಳಿಗೆ ಬಾಳೆನಾರಿನಿಂದ ಕಟ್ಟಿ, ರಾಣಿಹುಳುವನ್ನು ಹುಡುಕಿ ಜೇನು ಸಾಕುವ ಮರದ ಪೆಟ್ಟಿಗೆಯೊಳಗೆ ಬಿಟ್ಟರು. ಉಳಿದ ಹುಳುಗಳು ತಾವಾಗಿ ಅದರ ಹಿಂದೆ ಹೋದವು. ಅವರ ಕೈಗೆ ಕೈಗವಸು ಕೂಡ ಇರಲಿಲ್ಲ. ಎಲ್ಲ ಮುಗಿದ ಮೇಲೆ ಪೆಟ್ಟಿಗೆಯನ್ನು ನನ್ನತ್ತ ತೋರಿಸಿದರು.

"ನಿಮಗೆ ಸಿಕ್ಕಿದ ಕುಟುಂಬ. ನೀವೇ ಸಾಕಿ."

ಇಲ್ಲಿ ಜೇನಿನ ಗುಂಪಿಗೆ ಕುಟುಂಬ ಎನ್ನುತ್ತಾರೆ. ನನಗಿರುವ ಕುಟುಂಬವೆಂದರೆ ನನ್ನನ್ನು ಸಾಕಿ ಬೆಳೆಸಿದ ನೀಲವ್ವಕ್ಕ ಒಬ್ಬಳೇ. ಆಕೆ ಊರಿನಲ್ಲಿ ತನ್ನ ಮಕ್ಕಳು, ಎಮ್ಮೆ, ಹೊಲ ಎಂದು ಇದ್ದಾಳೆ. ನೌಕರಿ ಸಿಕ್ಕಾಗ ಇಡೀ ಓಣಿಗೆ ಸಕ್ಕರೆ ಹಂಚಿದವಳು, ಎಲ್ಲಿಗೆ ಹಾಕಿದ್ದಾರೆ ಎಂದು ತಿಳಿದಾಗ ಒಲೆಯ ಮುಂದೆ ಕೂತು ಅತ್ತಳು. ಅಂದಿನಿಂದ ಫೋನಿನಲ್ಲಿ ಆಕೆ ಕೇಳುವುದು ಎರಡೇ ಮಾತು. ಮೊದಲನೆಯದು "ಉಂಡೀ?", ಎರಡನೆಯದು "ಯಾವಾಗ ಬರ್ತೀ?" ಬರುವುದೆಂದರೆ ಹಬ್ಬಕ್ಕೆ ಬಂದುಹೋಗುವುದಲ್ಲ, ವರ್ಗ ಮಾಡಿಸಿಕೊಂಡು ಊರಿಗೇ ಬಂದುಬಿಡುವುದು.

ಉಣ್ಣುತ್ತಿದ್ದೆ, ಆದರೆ ಹೊಟ್ಟೆ ತುಂಬುತ್ತಿರಲಿಲ್ಲ. ಇಲ್ಲಿಯ ಕುಚಲಕ್ಕಿ ಅನ್ನ ದಪ್ಪ, ಕೆಂಪು. ಎಷ್ಟು ಅಗಿದರೂ ಬಾಯಿಗೆ ಏನೋ ಕಡಿಮೆಯಾಯಿತು ಎನಿಸುತ್ತಿತ್ತು. ಅಕ್ಕ ಕಟ್ಟಿಕೊಟ್ಟ ಜೋಳದ ಹಿಟ್ಟು ಇಲ್ಲಿಯ ಹವೆಗೆ ಎರಡೇ ವಾರದಲ್ಲಿ ಮುಗ್ಗಿ ಕಹಿಯಾಯಿತು. ಅದನ್ನು ಚೆಲ್ಲುವಾಗ ಆದ ಸಂಕಟವನ್ನು ಯಾರಿಗೂ ಹೇಳಿಕೊಳ್ಳಲಿಲ್ಲ, ಹೇಳಿದರೆ ನಗುತ್ತಾರೆ. ಭಾಷೆಯ ಪಾಡೂ ಅಷ್ಟೆ. ಕನ್ನಡ ನಾಡಿನ ಒಳಗೇ ಬಂದಿದ್ದೇನೆ, ಮಾತಿಗೇನು ತೊಂದರೆ ಎಂದುಕೊಂಡಿದ್ದೆ. ಇಲ್ಲಿ ಮನೆಮಾತೆಲ್ಲ ತುಳು. ನನಗೆ ಬಂದ ಮೊದಲ ತುಳು ಪದ "ಇಜ್ಜಿ", ಅಂದರೆ ಇಲ್ಲ. ಯಾರು ಫೋನ್ ಮಾಡಿದರೂ "ಕರೆಂಟ್ ಇಜ್ಜಿ" ಎಂದೇ ಶುರು. ನನ್ನ ಹತ್ತಿರ ಕನ್ನಡ ಮಾತಾಡಬೇಕಾದರೆ ಅವರು ಪಾಠದ ಪುಸ್ತಕ ಓದುವವರಂತೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನಾನು "ಹೌದ್ರೀ, ಬಂದ್ನ್ರೀ" ಎಂದರೆ ಅವರ ಮಕ್ಕಳು ಬಾಗಿಲ ಹಿಂದೆ ನಗುತ್ತಿದ್ದವು.

ಜೇನಿನ ಹತ್ತಿರ ಮಾತ್ರ ಮಾತಿನ ಗೊಡವೆ ಇರಲಿಲ್ಲ. ಬಾಡಿಗೆ ಮನೆಯ ಹಿತ್ತಲಲ್ಲಿ ಪೆಟ್ಟಿಗೆ ಇಟ್ಟೆ. ಕೆಲಸ ಮುಗಿಸಿ ಬಂದು ಅದರ ಬಾಗಿಲ ಮುಂದೆ ಕೂತರೆ ಹೊತ್ತು ಹೋಗುವುದು ತಿಳಿಯುತ್ತಿರಲಿಲ್ಲ. ರಬ್ಬರ್ ಮರಗಳು ಎಲೆ ಉದುರಿಸಿ ಹೊಸ ಎಲೆ ಬಿಟ್ಟಾಗ ಅದರ ರಸಕ್ಕೆ ಹುಳುಗಳು ಮುಗಿಬಿದ್ದವು. ಗೌಡರು ತಮ್ಮ ಜೇನು ತೆಗೆಯುವ ಯಂತ್ರ ತಂದುಕೊಟ್ಟರು. ಎರಿಯ ಮೇಲಿನ ಮೇಣದ ಪದರ ಕೊಯ್ದು ಡ್ರಮ್ಮಿನೊಳಗೆ ನಿಲ್ಲಿಸಿ ಹಿಡಿ ತಿರುಗಿಸಿದರೆ ಜೇನು ಸಿಡಿದು ಕೆಳಗಿಳಿಯುತ್ತದೆ, ಎರಿ ಮುರಿಯುವುದಿಲ್ಲ. ಖಾಲಿ ಎರಿಯನ್ನು ಹುಳುಗಳಿಗೇ ಹಿಂದಿರುಗಿಸುತ್ತಾರೆ. ಹಿಂಡುವ ಊರಿನಿಂದ ಬಂದ ನನಗೆ ಇದು ದೊಡ್ಡ ಬೆರಗು.

ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಮಗುಚಿಟ್ಟೆ. ಒಂದು ಹನಿ ನೀರು ಉಳಿದರೂ ಜೇನು ಹುಳಿ ಬರುತ್ತದೆಂದು ಗೌಡರು ಎಚ್ಚರಿಸಿದ್ದರು. ತೆಳುವಾದ ಬಟ್ಟೆಯಲ್ಲಿ ಸೋಸಿ ತುಂಬಿ, ಬೆಳಕಿಗೆ ಹಿಡಿದು ನೋಡಿ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಆ ಬೇಸಿಗೆಯಲ್ಲಿ ಐದು ಬಾಟಲಿ ಆಯಿತು. ಊರಿಗೆ ಆರು ಕಳಿಸಬೇಕು ಎಂದು ನನಗೆ ಹಟ. ಮಳೆ ಹಿಡಿಯುವ ಮೊದಲು ಹುಳುಗಳು ಮರಿ ಸಾಕುವ ಕೆಳಗಿನ ಮರಿಗೂಡಿನ ಅಂಚಿನಲ್ಲಿ ತಮಗೆಂದು ಇಟ್ಟುಕೊಂಡಿದ್ದ ಜೇನನ್ನೂ ಬಿಡದೆ ತೆಗೆದು ಕೊನೆಯ ಬಾಟಲಿ ತುಂಬಿಸಿದೆ. ತೊಳೆದಿಟ್ಟ ಬಾಟಲಿ ಸಾಲದೆ ಎರಡಕ್ಕೆ ಬ್ರಾಂಡಿಯ ಖಾಲಿ ಬಾಟಲಿ ಬಳಸಿ, ಆರನ್ನೂ ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಅಕ್ಕ ಫೋನಿನಲ್ಲಿ, "ಬಾಟಲಿ ಕೊಡುವಾಗ ಕಂಡಕ್ಟರ್ ನನ್ನ ಮಾರಿ ನೋಡಿ ನಕ್ಕಾನಲ್ಲೋ" ಎಂದು ಬೈದಳು. ಬೈಗುಳದಲ್ಲಿ ಹಿಗ್ಗು ಇತ್ತು. ಓಣಿಯ ಮಕ್ಕಳ ಕೆಮ್ಮಿಗೆಲ್ಲ ನನ್ನ ಜೇನೇ ಔಷಧವಾಯಿತಂತೆ.

ಮಳೆ ಬಂತು. ನಮ್ಮ ಕಡೆ ಮಳೆ ಬಂತೆಂದರೆ ಎಲ್ಲ ಬಂತು. ಹುಲ್ಲು, ಹೂವು, ದನದ ಕೆಚ್ಚಲಲ್ಲಿ ಹಾಲು. ನನ್ನ ಜೇನಿಗೂ ಇನ್ನು ಸುಗ್ಗಿ ಎಂದು ನಾನು ನಿಶ್ಚಿಂತನಾಗಿದ್ದೆ. ಗಾಳಿಗೆ ಮರ ಬಿದ್ದು ತಂತಿ ಹರಿದು, ಮೂರು ವಾರ ಪೆಟ್ಟಿಗೆಯತ್ತ ನೋಡಲೂ ಬಿಡುವಾಗಲಿಲ್ಲ. ಮಳೆ ಕೊಂಚ ಬಿಟ್ಟ ದಿನ ಮುಚ್ಚಳ ತೆಗೆದರೆ ಒಳಗೆ ಒಣಗಿದ ಎರಿಗಳು, ತಳದಲ್ಲಿ ಸತ್ತ ಒಂದು ಹಿಡಿ ಹುಳು. ಉಳಿದವು ಎದ್ದುಹೋಗಿದ್ದವು. ಗೌಡರು ಬಂದು ಇಣುಕಿದರು.

"ಮಳೆಗಾಲದ ಪಾಲು ಬಿಟ್ಟಿರ್ಲಿಲ್ವಾ?"

"ಮಳಿಗಾಲದಾಗ ಅವಕ್ಕ ಯಾಕ್ರೀ ಪಾಲು? ಹೂವು ಇರ್ತಾವಲ್ರೀ."

"ಹೂ ಎಲ್ಲಿ ಉಂಟು? ಇದ್ರೂ ಈ ಮಳೆಗೆ ಹೊರಗೆ ಹೋಗ್ಲಿಕ್ಕೆ ಆಗ್ತದಾ? ಅವಕ್ಕೆ ಇದೇ ಬರಗಾಲ. ನಿಮಗೆ ಗೊತ್ತುಂಟು ಅಂತ ನಾನು ಹೇಳ್ಲಿಲ್ಲ."

ಬರ ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಮಳೆಯ ವೇಷದಲ್ಲಿಯೂ ಬರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ನನ್ನ ಊರಿನ ಲೆಕ್ಕ ಹಿಡಿದು ಇಲ್ಲಿಯ ಜೀವಗಳನ್ನು ಉಪವಾಸ ಕೆಡವಿದೆ. ಬಹಳ ನಾಚಿಕೆಯಾಯಿತು.

ಮಳೆಗಾಲ ಮುಗಿದ ಮೇಲೆ ಗೌಡರು ತಮ್ಮದೊಂದು ಕುಟುಂಬವನ್ನು ಪಾಲು ಮಾಡಿ ನನ್ನ ಪೆಟ್ಟಿಗೆ ತುಂಬಿಸಿದರು. ಈ ವರ್ಷದ ಬೇಸಿಗೆಯಲ್ಲಿ ನಾಲ್ಕೇ ಬಾಟಲಿ ತೆಗೆದು, ಮರಿಗೂಡಿಗೆ ಕೈ ಹಾಕಲಿಲ್ಲ. ಎರಡನ್ನು ಸಣ್ಣ ಸಣ್ಣ ಸೀಸೆಗಳಿಗೆ ಹಂಚಿ ನನ್ನ ಲೈನಿನ ಮನೆಗಳಿಗೆ ಕೊಟ್ಟೆ. ಸೀಸೆಗಳು ಒಂದೂ ಖಾಲಿ ಹಿಂದಿರುಗಲಿಲ್ಲ. ಒಂದರಲ್ಲಿ ಮಿಡಿ ಉಪ್ಪಿನಕಾಯಿ, ಇನ್ನೊಂದರಲ್ಲಿ ಹುರಿದ ಹಲಸಿನ ಬೀಜ. "ಕುಲ್ಲುಲೆ, ಚಾ ಪರ್ಲೆ" ಎಂದು, ಅಂದರೆ ಕೂತು ಚಾ ಕುಡಿಯಿರಿ ಎಂದು, ಪುಸ್ತಕದ ಕನ್ನಡ ಬಿಟ್ಟು ಮನೆಮಾತಿನಲ್ಲೇ ಕರೆಯತೊಡಗಿದರು. ಉಳಿದ ಎರಡು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಧರ್ಮಸ್ಥಳದಿಂದ ಹೊರಡುವ ಬಸ್ಸು ಹತ್ತಿ ಊರಿಗೆ ಒಯ್ದೆ.

ಅಕ್ಕ ಬಿಸಿ ರೊಟ್ಟಿಯ ಮೇಲೆ ಜೇನು ಹಾಕಿ ಕೊಟ್ಟಳು. ಎರಡು ವರ್ಷ ಕನಸಿದ ರೊಟ್ಟಿ. ಆದರೆ ಜೇನು ನಾಲಗೆಗೆ ಹತ್ತಿದ ಕೂಡಲೇ ಹಿತ್ತಲಿನ ಪೆಟ್ಟಿಗೆ, ಎಲೆ ಅಡಿಕೆಯ ಗೌಡರು ಎಲ್ಲ ನೆನಪಾಯಿತು. ಅಕ್ಕ ಆಗ ಗೋಡೆಯ ಗೂಡಿನಿಂದ ಒಂದು ಕಾಗದ ತೆಗೆದಳು. ಬಂಟ್ವಾಳದ ಹುಡುಗನೊಬ್ಬ ನಮ್ಮ ಕಡೆ ಲೈನ್‌ಮ್ಯಾನ್ ಆಗಿದ್ದಾನೆ, ಅವನಿಗೂ ಅವನ ಊರು ಬೇಕಂತೆ. ಅದಲು ಬದಲಿನ ಅರ್ಜಿಯಲ್ಲಿ ಅವನ ಸಹಿ ಆಗಿತ್ತು. ನನ್ನದೊಂದು ಬಾಕಿ.

"ಈ ಸಲ ಬಾಟಲಿ ಎರಡಽ ಆದ್ವಲ್ಲೋ ತಮ್ಮಾ" ಎಂದಳು. ಅದಕ್ಕೆ ಉತ್ತರವಾಗಿ ಖಾಲಿ ಪೆಟ್ಟಿಗೆಯ ಕಥೆ ಹೇಳಿದೆ. ಆರನೆಯ ಬಾಟಲಿ ಯಾರ ಅನ್ನವಾಗಿತ್ತು ಎಂದೂ ಹೇಳಿದೆ. ಅಕ್ಕ ಕೇಳುತ್ತ ಕೇಳುತ್ತ ಕಾಗದವನ್ನು ಮಡಚಿದಳು. ಬರದ ವರ್ಷಗಳಲ್ಲಿ ತಾನು ಉಣ್ಣದೆ ನನಗೆ ಉಣಿಸಿದವಳು ಆಕೆ.

ಮರುದಿನ ಹೊರಡುವಾಗ ನನ್ನ ಚೀಲ ಭಾರವಾಗಿತ್ತು. ಹಿಟ್ಟಿನ ಗಂಟಿನ ಪಕ್ಕ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಜೇನಿನ ಬಾಟಲಿ ಇತ್ತು.

"ಹೊಳ್ಳಿ ಒಯ್ಯಿ. ಮಳಿಗಾಲದಾಗ ಅವು ಏನ್ ತಿನ್ನಬೇಕು?" ಎಂದಳು. ಅರ್ಜಿಗೆ ಸಹಿ ಹಾಕು ಎಂದು ಆಕೆ ಹೇಳಲಿಲ್ಲ. ಹಾಕುವುದಿಲ್ಲ ಎಂದು ನಾನೂ ಹೇಳಲಿಲ್ಲ. ಕಾಗದ ಗೋಡೆಯ ಗೂಡಿನಲ್ಲೇ ಉಳಿಯಿತು.

ಇಲ್ಲಿ ಈಗ ಮಳೆ. ಗೌಡರು "ಸಕ್ಕರೆ ನೀರು ಸಾಕು, ಜೇನು ಯಾಕೆ ಸುಮ್ಮನೆ?" ಎಂದರು. ಅಕ್ಕ ಕೊಟ್ಟದ್ದು ಎಂದೆ. ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಹಾಗಾದ್ರೆ ಕೊಡುವ" ಎಂದರು. ಉಗುರುಬೆಚ್ಚಗಿನ ನೀರಿನಲ್ಲಿ ಜೇನು ಕದಡಿ ತೆಂಗಿನ ಚಿಪ್ಪಿಗೆ ಹೊಯ್ದು, ಹುಳುಗಳು ಮುಳುಗದಂತೆ ಮೇಲೆ ಹುಲ್ಲಿನ ಕಡ್ಡಿ ಹಾಕಿ ಪೆಟ್ಟಿಗೆಯೊಳಗೆ ಇಟ್ಟೆವು. ಸಂಜೆಗೆ ಚಿಪ್ಪು ಒಣಗಿತ್ತು. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಮೊದಲ ಸಲ ಆಕೆ ನನ್ನ ಊಟ ಕೇಳಲಿಲ್ಲ.

"ಅವು ಉಂಡ್ವಾ?"

"ಉಂಡ್ವು ಅಕ್ಕಾ."

"ಹಂಗಾರ ಛಲೋ ಆತು" ಎಂದಳು. ಆಮೇಲೆ ಆಕೆಯ ಎರಡನೆಯ ಮಾತಿಗಾಗಿ, "ಯಾವಾಗ ಬರ್ತೀ?" ಎನ್ನುವುದಕ್ಕಾಗಿ, ನಾನು ಕಾದೆ. ಆಕೆ ಅದನ್ನು ಕೇಳಲಿಲ್ಲ. ಈಗಲಾದರೂ ಕೇಳಲಿ ಎಂದು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದೆ.